ಮದುವೆ ಕಾಗದವೂ ಹೊಸ ಪ್ರೊಸೆಸರೂ

ಹೊನ್ನಾವರ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಕಂಪ್ಯೂಟರಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಆ ನಂಬಿಕೆಯ ಬಲದಿಂದಲೇ ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಟ್ಟು, ಹೊಸ ಬಗೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ತಂದೆ. ಫ್ಯಾನಿಲ್ಲ, ಸದ್ದಿಲ್ಲ, ಬಿಸಿಯೂ ಇಲ್ಲ!

ಆಗಲೇ ಮುಟ್ಟಳ್ಳಿಯಿಂದ ನನ್ನ ಹೆಂಡತಿ ಶೈಲಾಳ ಅಣ್ಣ ಬಂದರು. ಮಗಳ ಮದುವೆ ಕಾಗದ, ಅಂದರೆ ಆಮಂತ್ರಣ ಪತ್ರಿಕೆ, ಆಗಬೇಕಿತ್ತು.

"ಭಾವ, ನೀವಿರುವಾಗ ಬೇರೆಯವ್ರ ಹತ್ರ ಎಂತಕ್ಕೆ ಹೋಗೂದು? ನಾಳೆ ಸಂಜೆ ಹಿರೇಗುತ್ತಿಗೆ ಹೋಗಿ ಗಂಡಿನ ಮನೆಗೆ ಮೊದಲ ಕಾಗದ ಕೊಡ್ಬೇಕು."

"ಆತು," ಎಂದೆ. ಎಷ್ಟು ಸುಲಭದ ಮಾತು!

ಕನ್ನಡ ಅಕ್ಷರ ಜೋಡಿಸುವ ನನ್ನ ಹಳೆಯ ತಂತ್ರಾಂಶ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯಲೇ ಇಲ್ಲ. ನಾನು ಧೃತಿಗೆಡಲಿಲ್ಲ. ವರ್ಚುವಲ್ ಮಷಿನ್ ಇದೆಯಲ್ಲ! ಕಂಪ್ಯೂಟರಿನ ಒಳಗೇ ಇನ್ನೊಂದು ತೋರಿಕೆಯ ಕಂಪ್ಯೂಟರ್ ಮಾಡಿ, ಅದರೊಳಗೆ ಹಳೆಯ ಆಪರೇಟಿಂಗ್ ಸಿಸ್ಟಮ್ ಹಾಕಿದರಾಯಿತು. ಇದನ್ನು ಶೈಲಾಳಿಗೆ ವಿವರಿಸಿದೆ.

"ಒಳಗೆ ಹಳೇದೇ ಬೇಕಂತಾದ್ರೆ, ಇದ್ದ ಹಳೇದನ್ನ ಗುಜರಿಗೆ ಎಂತಕ್ಕೆ ಕೊಟ್ರಿ?"

ಇಂಥ ತಾಂತ್ರಿಕವಲ್ಲದ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಹಳೆಯ ಸಿಸ್ಟಮ್ ಹಾಕಿದೆ. ಈ ಪ್ರೊಸೆಸರಿನ ಭಾಷೆ ತನಗೆ ಬಾರದೆಂದು ಅದು ಹಟ ಹಿಡಿಯಿತು. ನನ್ನ ಹಟವೇನು ಕಡಿಮೆಯೇ? ಓದಿದೆ, ಹುಡುಕಿದೆ. ಹೊಸ ಪ್ರೊಸೆಸರು ಹಳೆಯದರಂತೆ ನಟಿಸುವ ಉಪಾಯವೊಂದಿತ್ತು. ಪ್ರತಿಯೊಂದು ಆಜ್ಞೆಯನ್ನೂ ಅನುವಾದ ಮಾಡಿಕೊಂಡು ನಡೆಸುವುದರಿಂದ ಸ್ವಲ್ಪ ನಿಧಾನವಂತೆ.

ಸ್ವಲ್ಪವೇ! ಮರುದಿನ ಬೆಳಿಗ್ಗೆ ಚಾಲೂ ಮಾಡಿದ್ದು, ಬಂಗಡೆ ಸಾರಿನ ಊಟ ಮುಗಿಸಿ ಬರುವಾಗ ಇನ್ನೂ ಕಣ್ಣು ಬಿಡುತ್ತಿತ್ತು.

"ಬಾಜೂ ಡಿಟಿಪಿ ಅಂಗಡೀಲಿ ಮಾಡ್ಸಿ ಮಾರಾಯ್ರೆ," ಎಂದಳು ಶೈಲಾ.

"ಪ್ರಾಣ ಹೋದರೂ ಇಲ್ಲ!"

ಕೊನೆಗೂ ತಂತ್ರಾಂಶ ತೆರೆಯಿತು. ಟೈಪ್ ಮಾಡತೊಡಗಿದೆ. ಮದುಮಗಳ ಹೆಸರು ನೆಟ್ಟಗೆ ಬಂತು. ಮದುಮಗನ ಹೆಸರು ಒತ್ತಿದೆ, ಪರದೆಯ ಮೇಲೆ ಏನೂ ಮೂಡಲಿಲ್ಲ. ಕಾದೆ. ಮತ್ತೊಮ್ಮೆ ಒತ್ತಿದೆ. ಆಗ ಹೆಸರು ಬಂತು. ಅಷ್ಟರಲ್ಲಿ ಶೈಲಾಳ ಅಣ್ಣ ಕೈಚೀಲ ಹಿಡಿದು ಎದುರೇ ನಿಂತಿದ್ದರು.

"ಭಾವ, ಆತಾ? ಕುಮಟೆ ಬಸ್ಸು ಹೋಗ್ತದೆ!"

ಪ್ರಿಂಟ್ ಒತ್ತಿದೆ. ಪ್ರಿಂಟರು ಗುರುಗುಟ್ಟಿತು. ಬಿಸಿಬಿಸಿ ಕಾಗದಗಳನ್ನು ಲಕೋಟೆಗೆ ತುಂಬಿ ಕೊಟ್ಟೆ. ಅವರು ಓಡಿದರು. ನಾನು ಕಾಲು ಚಾಚಿ ಕುಳಿತೆ. ವಿಜ್ಞಾನವನ್ನು ಗೆದ್ದ ಕಳೆ ಮುಖದ ಮೇಲಿತ್ತು.

ಸಂಜೆ ಹಿರೇಗುತ್ತಿಯಿಂದ ಫೋನು. ಮಾತಾಡಿದವರು ಮದುಮಗನ ತಂದೆ.

"ಕಾಗದ ಲಾಯ್ಕಾಗಿದೆ. ಆದ್ರೆ ನಮ್ಗೆ ಒಬ್ಬನೇ ಮಗ."

ಪರದೆಯ ಕಡೆ ತಿರುಗಿದೆ. ನಾನು ಮೊದಲು ಒತ್ತಿದ್ದ ಅಕ್ಷರಗಳೂ ತಡವಾಗಿ, ಆದರೆ ಪ್ರಾಮಾಣಿಕವಾಗಿ ಬಂದು ಸೇರಿದ್ದವು: "ಚಿ. ಸಂದೀಪ ಚಿ. ಸಂದೀಪ ಇವರೊಂದಿಗೆ."

ಶೈಲಾ ಮಿಕ್ಕಿದ್ದ ಒಂದು ಕಾಗದವನ್ನು ಎತ್ತಿ ಓದಿ, ಚಪ್ಪಲಿ ಮೆಟ್ಟಿ ಬಾಜೂ ಅಂಗಡಿಗೆ ಹೋದಳು. ಬೆಳಗಾಗುತ್ತಲೇ ಹೊಸ ಕಾಗದಗಳನ್ನು ಹೊತ್ತು ನಾನೇ ಹಿರೇಗುತ್ತಿಗೆ ಹೋಗಿ, ಹೆಸರು ಕಾಣದೆ ಎರಡು ಸಲ ಒತ್ತಿದ ಕತೆ ಹೇಳಿ ಕೈಮುಗಿದು ಬಂದೆ.

ಮದುವೆ ಸುಸೂತ್ರವಾಗಿ, ಒಬ್ಬನೇ ಮದುಮಗನೊಂದಿಗೆ ನಡೆಯಿತು. ಪಂಕ್ತಿಯ ಕೊನೆಯಲ್ಲಿ ಮರೆಯಾಗಿ ಕುಳಿತಿದ್ದೆ. ಆದರೂ ಮದುಮಗನ ತಂದೆ ಹುಡುಕಿಕೊಂಡು ಬಂದು ನನ್ನ ಎಲೆಗೆ ಹೋಳಿಗೆ ಹಾಕಿದರು. ಸಾಕು ಎನ್ನುವಷ್ಟರಲ್ಲಿ ಮತ್ತೊಂದು ಬಿತ್ತು.

"ಒಮ್ಮೆ ಹಾಕಿದ್ದು ನಿಮ್ಗೆ ಕಾಣೂದಿಲ್ಲ ಅಲ್ದಾ!"

ಇಡೀ ಪಂಕ್ತಿ ನಕ್ಕಿತು. ಶೈಲಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ತಲೆ ತಗ್ಗಿಸಿ ಎರಡನ್ನೂ ತಿಂದೆ.