ಟಿಡಿಎಸ್‌ಗೆ ಅಡ್ಡ ಬಂದ ಆಷಾಢ

ಗುಟ್ಟು ಕಾಪಾಡುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಬಾಯಿ ಮುಚ್ಚಿಕೊಂಡಿದ್ದರೂ ನನ್ನ ಮುಖವೇ ಡಂಗುರ ಸಾರಿಬಿಡುತ್ತದೆ. ಅಂಥವನಿಗೆ ನನ್ನ ಹೆಂಡತಿ ಸರಸ್ವತಿ, "ಗೃಹಪ್ರವೇಶ ಆಗೋವರೆಗೂ ಆಫೀಸಲ್ಲಿ ಯಾರ್ಗೂ ಹೇಳ್ಬೇಡಿ ಕಣ್ರೀ, ದೃಷ್ಟಿ ಆಗುತ್ತೆ" ಎಂದು ಅಪ್ಪಣೆ ಕೊಡಿಸಿದಳು. ಆರ್.ಟಿ. ನಗರದ ಬಾಡಿಗೆ ಮನೆಗಳಲ್ಲೇ ಅರ್ಧ ಆಯಸ್ಸು ಕಳೆದು, ಕೊನೆಗೂ ಯಲಹಂಕದಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ಕೊಂಡಿದ್ದೆವು. ಬೀಗದ ಕೈ ಸಿಕ್ಕಿತು ಅನ್ನುವಷ್ಟರಲ್ಲಿ ಆಷಾಢ ವಕ್ಕರಿಸಿತು. ಇನ್ನು ಹಾಲುಕ್ಕಿಸಲು ಶ್ರಾವಣವೇ ಬರಬೇಕು.

ಫಜೀತಿ ಶುರುವಾದದ್ದು ಸಂಬಳದ ದಿನ. ನಾನಿನ್ನೂ ಹಳೆಯ ತೆರಿಗೆ ಪದ್ಧತಿಗೇ ಜೋತುಬಿದ್ದವನು. ಮನೆಸಾಲದ ಬಡ್ಡಿಯನ್ನು ಆಫೀಸಿಗೆ ತಿಳಿಸಿದರೆ ಸಂಬಳದಲ್ಲಿ ಹಿಡಿಯುವ ಟಿಡಿಎಸ್ ಇಳಿಯುತ್ತದೆ. ತಿಳಿಸದಿದ್ದರೆ ಅವರ ಪಾಡಿಗೆ ಅವರು ಹಿಡಿಯುತ್ತಲೇ ಇರುತ್ತಾರೆ. ಅತ್ತ ಬ್ಯಾಂಕಿನವರು ಕಂತು ಹಿಡಿಯುತ್ತಿದ್ದರು. ಇಬ್ಬರೂ ಹಿಡಿದು ಮಿಕ್ಕಿದ್ದರಲ್ಲಿ ಗೃಹಪ್ರವೇಶಕ್ಕೆ ಹೋಳಿಗೆ ಊಟ ಹಾಗಿರಲಿ, ಚಿತ್ರಾನ್ನ ಹಾಕಿಸುವುದೂ ಕಷ್ಟವಿತ್ತು.

"ರಿಟರ್ನ್ ಹಾಕ್ದಾಗ ವಾಪಸ್ ಬರುತ್ತಲ್ಲ?" ಎಂದಳು ಸರಸ್ವತಿ.

"ಬರುತ್ತೆ ಕಣೇ, ಮುಂದಿನ ವರ್ಷ. ಅಡುಗೆ ಭಟ್ರು ಅಲ್ಲೀತನಕ ಕಾಯ್ತಾರಾ?"

ಹೋಳಿಗೆಗೇ ಸಂಚಕಾರ ಎಂದಾಗ ಅವಳು ಕರಗಿದಳು. "ಆಯ್ತು, ಅಕೌಂಟ್ಸ್‌ನೋರಿಗೆ ಮಾತ್ರ ಹೇಳಿ. ಬೇರೆ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು." ಅಷ್ಟರಲ್ಲಾಗಲೇ ಅವಳ ಅಕ್ಕತಂಗಿಯರು, ಹೂವಿನವಳು, ಯಲಹಂಕದ ಹತ್ತಿರದ ಸಿಂಗಾಪುರದ ಟೈಲರ್, ಎಲ್ಲರಿಗೂ 'ಯಾರಿಗೂ ಹೇಳ್ಬೇಡಿ' ಎಂಬ ಷರತ್ತಿನ ಮೇಲೆ ಸುದ್ದಿ ತಲುಪಿತ್ತು. ತಿಳಿಯದೆ ಉಳಿದವರು ನನಗೆ ಸಂಬಳ ಕೊಡುವವರು ಮಾತ್ರ.

ಮರುದಿನ ಅಕೌಂಟ್ಸ್‌ನ ಶೈಲಜಾ ಮೇಡಂ ಬಳಿ ಹೋಗಿ, ಕಳ್ಳನ ಹಾಗೆ ಆಚೀಚೆ ನೋಡಿ ಪಿಸುಗುಟ್ಟಿದೆ. "ಮೇಡಂ, ಮನೆ ತಗೊಂಡಿದೀನಿ. ಟಿಡಿಎಸ್ ಬದಲಾಯಿಸ್ಬೇಕಿತ್ತು. ಆದ್ರೆ ಯಾರಿಗೂ..."

"ಆಷಾಢ ಅಲ್ವಾ ಸಾರ್?" ಎಂದು ನಕ್ಕರು. "ಬ್ಯಾಂಕಿಂದ ಬಡ್ಡಿ ಸರ್ಟಿಫಿಕೇಟ್ ತಂದ್ಕೊಡಿ, ಈ ತಿಂಗಳಿಂದ್ಲೇ ಕಮ್ಮಿ ಮಾಡ್ತೀನಿ." ಆಮೇಲೆ ಅವರೂ ಆಚೀಚೆ ನೋಡಿದರು. "ಹೇಳ್ಬಾರ್ದು, ಆದ್ರೂ ಹೇಳ್ತೀನಿ. ನಾವೂ ಬಾಗಲೂರು ಕಡೆ ಮನೆ ತಗೊಂಡಿದೀವಿ. ಬಾಯ್ ಬಿಡ್ಬೇಡ ಅಂತ ನಮ್ಮತ್ತೆ ಆರ್ಡರ್. ನನ್ ಫಾರಂಗೆ ಮ್ಯಾನೇಜರ್ ಸೈನ್ ಆಗ್ಬೇಕು, ಅವ್ರ ಬಾಯಿ ಎಂಥದ್ದು ಅಂತ ನಿಮಗೇ ಗೊತ್ತಲ್ಲ! ಊರೋರ ಟಿಡಿಎಸ್ ಎಲ್ಲಾ ಸರಿ ಮಾಡ್ತೀನಿ ಸಾರ್, ನಂದು ಮಾತ್ರ ಹಂಗೇ ಕಟ್ ಆಗ್ತಿದೆ!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕ ರಭಸಕ್ಕೆ ಮ್ಯಾನೇಜರೇ ಇಣುಕಿ ನೋಡಿದರು.

ಆ ತಿಂಗಳು ಕೈಗೆ ಸಂಬಳ ಜಾಸ್ತಿಯೇ ಬಂತು, ಹೋಳಿಗೆ ಖಾತ್ರಿಯಾಯಿತು. ಅಬ್ಬಾ, ಎಂಥ ಖುಷಿ! ಆ ಖುಷಿಯಲ್ಲೇ ಶೈಲಜಾ ಮೇಡಂ ಅವರನ್ನು ವಿಚಾರಿಸಿದೆ, "ನಿಮ್ದು ಎಷ್ಟು ಬೆಡ್‌ರೂಮ್ ಮೇಡಂ?"

"ನಾಲ್ಕು ಸಾರ್. ಮೇಲಿನ ಟೆರೇಸೂ ನಮ್ದೇ."

"ಓಹೋ, ಬಹಳ ಸಂತೋಷ" ಎಂದೆ. ಸಂತೋಷ ಆದದ್ದು ಸುಳ್ಳಲ್ಲ. ಆದರೆ ಬಸ್ಸು ಹೆಬ್ಬಾಳ ದಾಟುವವರೆಗೂ 'ನಾಲ್ಕು ಬೆಡ್‌ರೂಮು, ಟೆರೇಸು ಬೇರೆ' ಎಂದು ಹೊಟ್ಟೆಕಿಚ್ಚಿನಲ್ಲಿ ಲೆಕ್ಕ ಹಾಕುತ್ತಲೇ ಇದ್ದೆ. ಅವರತ್ತೆ ಹೆದರಿದ್ದು ಇಂಥ ಕಣ್ಣಿಗೇ ಇರಬೇಕು. ಅವರ ಗೃಹಪ್ರವೇಶಕ್ಕೆ ಏನು ಉಡುಗೊರೆ ಒಯ್ಯಬೇಕೆಂದು ಬಸ್ಸಿನಲ್ಲೇ ತೀರ್ಮಾನಿಸಿದೆ: ಬಾಗಿಲಿಗೆ ಕಟ್ಟಲು ಒಂದು ದೊಡ್ಡ ಬೂದುಗುಂಬಳಕಾಯಿ.