ಏಳನೇ ಮೆಟ್ಟಿಲ ಕೊಡೆಯ ವಿಷಯವಾಗಿ ಬೀಗ ರಿಪೇರಿಯವನ ಅಹವಾಲು

ಮಾನ್ಯ ಗೀತರಚನೆಕಾರರೇ,

ತಮ್ಮ ಲೇಖನಿಗೂ, ಅದನ್ನು ಹಿಡಿದ ಕೈಗೂ, ಆ ಕೈಗೆ ಹೊತ್ತುಹೊತ್ತಿಗೆ ಚಹಾ ತಂದುಕೊಡುವವರಿಗೂ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಒಗಟು ಹಾಕಿದವರು ಯಾವಾಗಲೂ ಕ್ಷೇಮವಾಗಿಯೇ ಇರುತ್ತಾರೆ, ತಲೆ ಕೆರೆದುಕೊಳ್ಳುವವರು ನಾವು. ನಾನು ಬೀಗ ರಿಪೇರಿ ಮಾಡುವವನು. ತಮ್ಮ ವಿಳಾಸ ಎಲ್ಲೂ ಸಿಗದ ಕಾರಣ ಪತ್ರಿಕೆಯ ಮೂಲಕ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ವಿಷಯ ತಮ್ಮ ಆ ಸುಪ್ರಸಿದ್ಧ ಹಾಡಿನದು. ‘ಏಳನೇ ಮೆಟ್ಟಿಲ ಮೇಲೆ ನೀಲಿ ಕೊಡೆ ಒಣಗುತಿದೆ, ಬಾಗಿಲ ಬಡಿಯದಿರು, ಒಳಗೆ ನೀನೇ ಇರುವೆ’ ಎಂದು ಎರಡು ಸಾಲು ಬರೆದು ತಾವು ಕೈ ತೊಳೆದುಕೊಂಡಿರಿ. ಇತ್ತ ನನ್ನ ಅಂಗಡಿಯ ಪಕ್ಕದ ಕ್ಷೌರಿಕ, ಕೊಡೆ ಎಂದರೆ ಸರ್ಕಾರ, ಒಣಗುತ್ತಿರುವುದು ಜನರ ತಾಳ್ಮೆ ಎಂದು ಗಿರಾಕಿಯ ಅರ್ಧ ಮೀಸೆಯನ್ನು ಹಾಗೇ ಬಿಟ್ಟು ವಿವರಿಸತೊಡಗಿದ. ಎದುರು ಮನೆಯ ನಿವೃತ್ತ ಗಣಿತದ ಮೇಷ್ಟ್ರು, ಏಳು ಅವಿಭಾಜ್ಯ ಸಂಖ್ಯೆ, ಆದ್ದರಿಂದ ಅದು ಮನುಷ್ಯನ ಒಂಟಿತನ ಎಂದು ನನ್ನ ಅಂಗಡಿಯ ಶಟರಿನ ಮೇಲೆಯೇ ಸೀಮೆಸುಣ್ಣದಲ್ಲಿ ಸಾಧಿಸಿ ತೋರಿಸಿದರು. ಇಬ್ಬರೂ ಈಗ ಮಾತು ಬಿಟ್ಟಿದ್ದಾರೆ. ಮೇಷ್ಟ್ರ ಕೂದಲು ಕಾಲರಿನವರೆಗೆ ಇಳಿದಿದೆ.

ಇಷ್ಟೇ ಆಗಿದ್ದರೆ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ಒಂದು ಸಂಜೆ ಬಟ್ಟೆ ಮಡಿಸುತ್ತಿದ್ದ ನನ್ನ ಹೆಂಡತಿ ರೇಡಿಯೋ ಆರಿಸಿ, “ಆ ಕೊಡೆ ನಾನೇ ಕಣ್ರೀ. ಇಪ್ಪತ್ತೆರಡು ವರ್ಷದಿಂದ ಮೆಟ್ಟಿಲ ಮೇಲೆ ಒಣಗ್ತಾ ಕೂತಿದೀನಿ. ನೀವು ಮನೆಗೆ ಬಂದ್ರೂ ಬಂದ ಹಾಗೇ ಇರಲ್ಲ” ಎಂದಳು. ಮನೆಯಲ್ಲೂ ಬೀಗ ಬಿಚ್ಚಿಕೊಂಡು ಕೂರುವ ನನ್ನ ಹಲ್ಲುಗಳ ನಡುವೆ ಆಗ ಒಂದು ಸ್ಪ್ರಿಂಗ್ ಇದ್ದುದರಿಂದ ‘ಹೂಂ’ ಎನ್ನುವುದಕ್ಕಿಂತ ಹೆಚ್ಚಿನ ಅಭಿಪ್ರಾಯ ವ್ಯಕ್ತಪಡಿಸಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಒಂದು ಚೀಲ ಹಿಡಿದು ತಂಗಿಯ ಮನೆಗೆ ಹೊರಟುಹೋದಳು.

ಒಂಬತ್ತು ದಿನ ಬಿಗುಮಾನದಿಂದ ಕಾದು, ಹತ್ತನೆಯ ದಿನ ನಾದಿನಿಯ ಮನೆಗೆ ಹೋದೆ. ಇಲ್ಲಿ ನನ್ನ ಕಸುಬಿನ ಒಂದು ಗುಣವನ್ನು ತಾವು ತಿಳಿಯಬೇಕು. ನಮ್ಮನ್ನು ಕರೆಸುವ ಮನೆಯವರು ಕೀಲಿಕೈ ಕಳೆದುಕೊಂಡು ಬೀದಿಯಲ್ಲೇ ನಿಂತಿರುತ್ತಾರೆ, ಒಳಗೆ ಯಾರೂ ಇರುವುದಿಲ್ಲ. ಹೀಗಾಗಿ ಮೂವತ್ತು ವರ್ಷಗಳಲ್ಲಿ ನಾನು ಒಂದೇ ಒಂದು ಬಾಗಿಲನ್ನೂ ಬಡಿದವನಲ್ಲ. ಸಾಲದ್ದಕ್ಕೆ ತಮ್ಮ ಹಾಡಿನಲ್ಲೂ ಬಡಿಯಬಾರದೆಂದೇ ಅಪ್ಪಣೆಯಾಗಿದೆ. ಕೈ ತಾನಾಗಿ ಜೇಬಿಗೆ ಹೋಗಿ ತಂತಿ ತೆಗೆಯಿತು, ಅರ್ಧ ನಿಮಿಷದಲ್ಲಿ ಬೀಗ ತೆರೆಯಿತು. ತಂತಿ ಹಿಡಿದು ನಡುಮನೆಯಲ್ಲಿ ನಿಂತ ನನ್ನನ್ನು ಕಂಡು ನಾದಿನಿ ಕೈಯಲ್ಲಿದ್ದ ಬಕೆಟ್ಟನ್ನು ಬಿಟ್ಟಳು. ಹೆಂಡತಿ ಮಾತ್ರ ತಣ್ಣಗೆ ಕೇಳಿದಳು: “ಬೀಗ ತೆಗೆಯೋಕೆ ಬಂದ್ರಾ, ನನ್ನ ಕರೆಯೋಕೆ ಬಂದ್ರಾ?”

ನಾನು ಬೀಗದ ಕಡೆ ನೋಡಿದೆ. ಅದು ಅಗ್ಗದ ಬೀಗವೆಂದೂ, ಬದಲಾಯಿಸುವುದು ಒಳ್ಳೆಯದೆಂದೂ ಹೇಳಿದ್ದು ನನ್ನ ತಪ್ಪು. ಭಾನುವಾರ ಬಂದು ಬಾಗಿಲು ಬಡಿದು, ಆ ಹಾಡಿನ ಅರ್ಥ ಹೇಳಿದರೆ ಮಾತ್ರ ಮನೆಗೆ ಬರುವೆನೆಂದು ಅವಳು ಷರತ್ತು ಹಾಕಿದ್ದಾಳೆ. ಮನೆ ಬಿಕೋ ಎನ್ನುತ್ತಿದೆ. ಅವಳಿಲ್ಲದೆ ನನಗೆ ಊಟ ಸೇರುತ್ತಿಲ್ಲ, ಇದನ್ನು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳಿಯಾಗಿದೆ.

ತಾವು ಸಂದರ್ಶನವೊಂದರಲ್ಲಿ ‘ಅರ್ಥ ಕೇಳುಗರಿಗೆ ಬಿಟ್ಟದ್ದು’ ಎಂದಿದ್ದನ್ನು ಓದಿ ನನ್ನ ಕಣ್ಣು ತುಂಬಿ ಬಂತು. ಎಂಥ ಔದಾರ್ಯ, ಎಂಥ ವ್ಯಾಪಾರ! ಬೀಗ ಮಾರಿ, ಕೀಲಿಕೈ ಗಿರಾಕಿಗೆ ಬಿಟ್ಟದ್ದು ಎಂದು ನಾನೇನಾದರೂ ಹೇಳಿದ್ದರೆ ಅದೇ ಬೀಗದಿಂದ ನನ್ನ ಬುರುಡೆ ಬಿಚ್ಚುತ್ತಿದ್ದರು. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಆ ಕೊಡೆ ಬರೀ ಕೊಡೆ, ನೆನೆದಿತ್ತು, ಅದಕ್ಕೇ ಒಣಗಲು ಇಟ್ಟಿದ್ದರು ಎಂದು ಒಂದು ಪ್ರಮಾಣಪತ್ರವನ್ನು ಸಹಿ ಹಾಕಿ ಶನಿವಾರದೊಳಗೆ ಕಳಿಸಿ. ಮುಂದೆ ಹಾಡು ಬರೆದಾಗ ನಮ್ಮಂತೆ ಎರಡು ಕೀಲಿಕೈಗಳನ್ನು ದಾರದಲ್ಲಿ ಕಟ್ಟಿ ಜೊತೆಗೇ ಕೊಡಿ. ಬಿಡುವಾದರೆ ಒಮ್ಮೆ ಬಂದು ಮೇಷ್ಟ್ರ ಕೂದಲನ್ನೂ ಕತ್ತರಿಸಿ ಹೋಗಿ.

ತಮ್ಮ ಉತ್ತರವನ್ನು ಬಾಗಿಲು ತೆರೆದಿಟ್ಟು ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ಬೀಗದವನು

ಮರೆತ ಮಾತು: ಪತ್ರ ಅಂಚೆಗೆ ಹಾಕುವ ಮೊದಲೇ ಭಾನುವಾರ ಬಂದುಬಿಟ್ಟಿತು. ತಂತಿಗಳನ್ನೆಲ್ಲ ಕ್ಷೌರಿಕನ ಬಳಿ ಬಿಟ್ಟು, ಬರಿಗೈಯಲ್ಲಿ ಹೋಗಿ ಬಾಗಿಲು ಬಡಿದೆ. ಅಭ್ಯಾಸವಿಲ್ಲದ್ದರಿಂದ ಮೂರು ಸಲ ಬಡಿಯಬೇಕಾಯಿತು. ಹೆಂಡತಿ ಅರ್ಥ ಕೇಳಿದಳು. “ನಂಗೆ ಗೊತ್ತಾಗ್ಲಿಲ್ಲ ಕಣೇ, ನೀನೇ ಹೇಳು” ಎಂದೆ. ಅವಳು ಮೂರು ಗಂಟೆ ಹೇಳಿದಳು, ನಾನು ಸ್ಪ್ರಿಂಗ್ ಕಚ್ಚಿಕೊಳ್ಳದೆ ಕೇಳಿದೆ. ತಮ್ಮ ಕೊಡೆಯ ವಿಷಯ ಐದು ನಿಮಿಷದಲ್ಲಿ ಮುಗಿಯಿತು, ಉಳಿದದ್ದೆಲ್ಲ ನನ್ನದೇ. ಈಗ ಮನೆಯಲ್ಲಿದ್ದಾಳೆ, ಆದ್ದರಿಂದ ಪ್ರಮಾಣಪತ್ರ ಬೇಡ. ಒಂದೇ ಒಂದು ಕೋರಿಕೆ: ಎಂದಾದರೂ ತಾವು ಕೀಲಿಕೈ ಕಳೆದುಕೊಂಡು ತಮ್ಮ ಮನೆಯ ಹೊರಗೆ ನಿಲ್ಲುವಂತಾದರೆ ದಯವಿಟ್ಟು ನನ್ನನ್ನು ಕರೆಸಬೇಡಿ. ತಮ್ಮದೇ ಹಾಡಿನ ಪ್ರಕಾರ ತಾವು ಒಳಗೇ ಇದ್ದೀರಿ.