ಜೋಯಿಸರ ಮನೆಗೆ ಸಿಕ್ಕದ ಮುಹೂರ್ತ

ಮದುವೆಗೆ ದಿನ ನೋಡಿಸಲು ನನ್ನ ಬಳಿ ಬಂದವರಲ್ಲಿ, ದಿನವನ್ನು ಆಗಲೇ ಗೊತ್ತುಮಾಡಿಕೊಳ್ಳದೆ ಬಂದವನೊಬ್ಬನನ್ನೂ ನಾನು ಕಂಡಿಲ್ಲ. ಅಡುಗೆಯವನಿಗೆ ಯಾವತ್ತು ಬಿಡುವು, ಓಲಗದವರು ಯಾವತ್ತು ಸಿಕ್ಕುತ್ತಾರೆ, ರಾಗಿ ಒಕ್ಕಣೆ ಎಂದಿಗೆ ಮುಗಿಯುತ್ತದೆ, ಮನೆಯ ಎಮ್ಮೆ ಎಂದಿಗೆ ಈಯುತ್ತದೆ ಎಂದು ಎಲ್ಲವನ್ನೂ ಯೋಚಿಸಿ, ಕೊನೆಗೆ ನನ್ನ ಜಗಲಿಗೆ ಬರುತ್ತಿದ್ದರು. "ಗ್ರಹಗತಿ ನೋಡಿ ನೀವೇ ಒಂದು ದಿನ ಹೇಳ್ಬೇಕು ಸ್ವಾಮಿ. ಮುಂದ್ಲ ತಿಂಗ್ಳು ಮೊದಲ್ನೇ ಗುರುವಾರ ಆಗಿದ್ರೆ ಒಳ್ಳೇದು," ಎನ್ನುತ್ತಿದ್ದರು. ನಾನೂ ಪಂಚಾಂಗ ಬಿಚ್ಚಿ, ಬೆರಳು ಮಡಿಸಿ ಎಣಿಸಿ, ಅಲ್ಲಿ ಇಲ್ಲಿ ಸುತ್ತಾಡಿ, ಆ ಗುರುವಾರಕ್ಕೇ ಬಂದು ನಿಲ್ಲುತ್ತಿದ್ದೆ. ಗುರುವಾರಕ್ಕೆ ಬಾರದ ಜೋಯಿಸನಿಗೆ ನಮ್ಮ ಕಡೆ ಬಾಳುವೆ ಇಲ್ಲ.

ನನ್ನ ಊರು ಹುಣಸೂರಿನ ಹತ್ತಿರದ ಒಂದು ಹಳ್ಳಿ. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲೂ ನನ್ನನ್ನು ಕರೆಯುವ ಮನೆಗಳಿದ್ದವು. ದೇಶದಲ್ಲಿ ಮೊದಲನೆಯ ಎಲೆಕ್ಷನ್ ಮುಗಿದು ಒಂದೆರಡು ವರ್ಷವಾಗಿರಬೇಕು, ನನ್ನ ಹಿರಿಯ ಮಗಳಿಗೆ ಪಿರಿಯಾಪಟ್ಟಣದಿಂದ ಸಂಬಂಧ ಕೂಡಿಬಂತು. ಹುಡುಗ ಸ್ಕೂಲು ಮೇಷ್ಟ್ರು. ಅವನಪ್ಪ ನನ್ನ ಹಾಗೆಯೇ ಪುರೋಹಿತ. ಎಲ್ಲರೂ ಒಪ್ಪಿದರು, ಹುಡುಗನ ಅಜ್ಜಿಯೊಬ್ಬರನ್ನು ಬಿಟ್ಟು. ಆಕೆಗೆ ತನ್ನ ಮಗಳ ಮಗಳನ್ನೇ ಮೊಮ್ಮಗನಿಗೆ ತಂದುಕೊಳ್ಳುವ ಆಸೆ. ಕೊನೆಗೆ ಒಂದು ಷರತ್ತು ಹಾಕಿ ಸುಮ್ಮನಾದರು: "ಆಷಾಢ ಹುಟ್ಟುವುದರೊಳಗೆ ಧಾರೆ ಆಗಬೇಕು. ಆಗಲಿಲ್ಲವೋ, ಶ್ರಾವಣದಲ್ಲಿ ನನ್ನ ಮೊಮ್ಮಗಳೇ ಈ ಮನೆ ಸೊಸೆ."

ಆಷಾಢಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಇಬ್ಬರು ಪುರೋಹಿತರಿಗೆ ಒಂದು ದಿನ ಹುಡುಕುವುದೇನು ಮಹಾ ಎಂದು ನಾನೂ ಬೀಗರೂ ನಕ್ಕೆವು.

ನೀರುಗಂಟಿಯ ಸರದಿ

ಫಾಲ್ಗುಣದಲ್ಲಿ ಒಂದು ಒಳ್ಳೆಯ ದಿನವಿತ್ತು. ಅದನ್ನೇ ಬೀಗರಿಗೆ ಬರೆಯೋಣವೆಂದು ಕಾರ್ಡು ಹಿಡಿದು ಕೂತಿದ್ದೆ. ಅಷ್ಟರಲ್ಲಿ ಕೆ. ಆರ್. ನಗರದ ಕಡೆಯಿಂದ, ಭೇರ್ಯದ ಹತ್ತಿರದ ಹಳ್ಳಿಯ ಗೌಡರೊಬ್ಬರು ಬಂದರು. ಅವರ ಮಗಳ ಮದುವೆಗೆ ಅದೇ ದಿನ ಬೇಕಾಗಿತ್ತು. ಭತ್ತ ಕೊಯ್ದು ಗದ್ದೆ ಖಾಲಿ, ಮನೆ ಮುಂದೆ ಜಾಗ ಸಾಲದು, ಗದ್ದೆಯಲ್ಲೇ ಚಪ್ಪರ ಹಾಕಿ ಊಟಕ್ಕೆ ಕೂರಿಸುವುದೆಂದು ಆಗಲೇ ತೀರ್ಮಾನವಾಗಿತ್ತು.

"ಅಡುಗೆಯೋರ್ನ ಕೇಳಿವ್ನಿ, ಓಲಗದೋರ್ನ ಕೇಳಿವ್ನಿ, ಮಡಿವಾಳ್ರನ್ನ ಕೇಳಿವ್ನಿ. ಎಲ್ರಿಗೂ ಬಿಡುವೈತೆ. ನಿಮ್ಮೊಬ್ರುದೇ ಬಾಕಿ ಸ್ವಾಮಿ," ಎಂದರು.

ನಾನು ಒಪ್ಪಿಕೊಂಡೆ. ಒಪ್ಪದಿದ್ದರೆ ಆ ಊರಿಗೆ ಇನ್ನೊಬ್ಬ ಪುರೋಹಿತ ಬಂದು ಕೂರುತ್ತಾನೆ. ಕಾರ್ಡು ಹಾಗೇ ಉಳಿಯಿತು.

ಧಾರೆ ಚೆನ್ನಾಗಿಯೇ ನಡೆಯಿತು. ಗಂಡಿನ ಕಡೆಯವರು ಎರಡನೆಯ ಪಂಕ್ತಿಗೆ ಕೂತರು. ಅನ್ನಕ್ಕೆ ಸಾರು ಬಿದ್ದಿತ್ತು, ಪಾಯಸ ಬರುತ್ತಿತ್ತು. ಆಗ ಸಾಲಿನ ತುದಿಯಲ್ಲಿದ್ದ ಒಬ್ಬರು ಧಡಕ್ಕನೆ ಎದ್ದರು. ಅವರ ಪಂಚೆ ಒದ್ದೆ. ನೋಡುತ್ತಿದ್ದ ಹಾಗೆಯೇ ನಾಲೆಯ ನೀರು ಗದ್ದೆಗೆ ನುಗ್ಗಿ ಬಾಳೆಲೆಗಳ ಅಡಿಗೆ ಹರಿಯಿತು. ಬೀಗರೆಲ್ಲ ಎಲೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡು ಬದುವಿನ ಮೇಲೆ ಸಾಲಾಗಿ ನಿಂತು ಊಟ ಮುಗಿಸಿದರು.

ಗೌಡರು ತೂಬಿನ ಕಡೆ ಓಡಿದರು. ನಾನೂ ಹಿಂದೆಯೇ ಹೋದೆ. ನಾಲೆಯ ನೀರು ಬಿಡುವ ನೀರುಗಂಟಿ ತೂಬಿನ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ.

"ಏನ್ಲಾ ಇದು, ಮದ್ವೆ ಊಟದ ಮೇಲೆ ನೀರು ಬುಟ್ಟಿದ್ದೀಯ!"

"ಇವತ್ತು ಕೆಳಗ್ಲ ಕಬ್ಬಿನ ಸರದಿ ಗೌಡ್ರೇ. ತಿಂಗಳಿಂದ್ಲೂ ಗೊತ್ತಿರೋ ದಿನ. ನೀವು ಎಲ್ಲರ ಮನೇಗೂ ಹೋಗಿ ವೀಳ್ಯ ಕೊಟ್ಟು ಕರೆದ್ರಿ. ನಂಗೆ ಯಾರ್ ಕೈಲೋ ಹೇಳಿ ಕಳ್ಸುದ್ರಿ. ವೀಳ್ಯ ಕೊಡಕ್ಕೆ ಬಂದಿದ್ರೆ ದಿನಾನೂ ಹೇಳ್ತಿದ್ದೆ."

ಗೌಡರು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ರಾಹುಕಾಲ ಬರ್ಕೊಂಡಿದ್ದೀರಲ್ಲ ಸ್ವಾಮಿ, ಇವನ ಸರದೀನೂ ಬರ್ಕೊಳಕ್ಕೆ ಏನಾಗಿತ್ತು?"

ಬರೆದುಕೊಂಡೆ. ಆಮೇಲೆ ಆ ಕಡೆ ನಾನು ಕೊಟ್ಟ ಮುಹೂರ್ತಗಳಲ್ಲೆಲ್ಲ ಜನ ಕೂತೇ ಉಂಡರು.

ಮೊಣಕಾಲಿನ ಪಂಚಾಂಗ

ವೈಶಾಖದಲ್ಲಿ ಒಂದು ಬುಧವಾರ, ಒಂದು ಶುಕ್ರವಾರ ಚೆನ್ನಾಗಿದ್ದವು. ಎರಡನ್ನೂ ಕಾರ್ಡಿನಲ್ಲಿ ಬರೆದು ಬೀಗರಿಗೆ ಹಾಕಿದೆ. "ಬುಧವಾರ ನನಗೆ ಎರಡು ಮದುವೆ, ಶುಕ್ರವಾರ ಆಗಬಹುದು" ಎಂದು ಉತ್ತರ ಬಂತು. ಆ ಉತ್ತರ ಬರುವ ಹಿಂದಿನ ದಿನ ನಾನು ಎರಡನ್ನೂ ಕಳೆದುಕೊಂಡು ಕೂತಿದ್ದೆ.

ಕಾರಣ ಹೆಗ್ಗಡದೇವನಕೋಟೆ ಕಡೆಯ ಒಂದು ದೊಡ್ಡ ಮನೆ. ಆ ಮನೆಯ ತಾತನ ಎಡ ಮೊಣಕಾಲು ಮಳೆಗೆ ಮೂರು ದಿನ ಮುಂಚೆ ನೋಯುತ್ತಿತ್ತು. ನೋವು ಬಂದರೆ ಮಳೆ, ಬಾರದಿದ್ದರೆ ಬಿಸಿಲು. ಸುತ್ತಲ ಹತ್ತು ಹಳ್ಳಿಯವರು ಆ ಕಾಲನ್ನು ಕೇಳಿಯೇ ಬಿತ್ತುತ್ತಿದ್ದರು. ತಾತನ ಮಗ ತನ್ನ ಮಗನ ಮದುವೆಗೆ ದಿನ ಕೇಳಲು ಬಂದವನು ಮೊದಲೇ ಹೇಳಿಬಿಟ್ಟ: "ನೀವು ಎಲ್ಡು ದಿನ ಹೇಳಿ ಸ್ವಾಮಿ. ಅದ್ರಾಗೆ ಒಂದ್ನ ನಮ್ಮಪ್ಪನ ಮೊಣಕಾಲು ಒಪ್ತದೆ."

ಒಂದು ಮದುವೆಗೆ ನಾನು ಎರಡು ದಿನ ಬಿಡುವು ಇಟ್ಟುಕೊಂಡೆ. ಲಗ್ನಪತ್ರಿಕೆಯಲ್ಲೂ "ಬುಧವಾರ, ಅದು ತಪ್ಪಿದರೆ ಶುಕ್ರವಾರ" ಎಂದೇ ಅಚ್ಚಾಯಿತು. ಗುರುಹಿರಿಯರು ನಿಶ್ಚಯಿಸಿದಂತೆ ಎಂದು ಅದರ ಕೆಳಗೆ ಬೇರೆ ಇತ್ತು.

ಬುಧವಾರಕ್ಕೆ ಮೂರು ದಿನ ಮುಂಚೆ ಮನೆಮಂದಿಯೆಲ್ಲ ತಾತನ ಸುತ್ತ ಕೂತು ವಿಚಾರಿಸಿದರು. ನೋವಿಲ್ಲ. ಮಾರನೆಯ ದಿನವೂ ಇಲ್ಲ. ಬುಧವಾರವೇ ಸರಿಯೆಂದು ನನಗೆ ಹೇಳಿ ಕಳಿಸಿದರು. ನನಗೆ ಶುಕ್ರವಾರ ಬಿಡುವಾಯಿತು, ಆದರೆ ಅಷ್ಟರಲ್ಲಿ ಬೀಗರು ಅದನ್ನು ಬೇರೆಯವರ ಮದುವೆಗೆ ಕೊಟ್ಟಾಗಿತ್ತು. ಬಸ್ಸಿಳಿದು ಗಾಡಿಯಲ್ಲಿ ಹೋಗುವಾಗಲೇ ಕೇರಳದ ಕಡೆಯ ಬೆಟ್ಟದ ಮೇಲೆ ಮೋಡ ಕಪ್ಪಗೆ ನಿಂತಿತ್ತು. ಮೊಣಕಾಲಿಗಿಂತ ನಾನೇನು ಹೆಚ್ಚು ತಿಳಿದವನೇ?

ಧಾರೆ ಶುರುವಾಗುವ ಹೊತ್ತಿಗೆ ಆಲಿಕಲ್ಲು ಸಮೇತ ಮಳೆ ಸುರಿಯಿತು. ಚಪ್ಪರ ಕೂತುಬಿಟ್ಟಿತು. ಹೆಣ್ಣುಗಂಡನ್ನು ಕೊಟ್ಟಿಗೆಗೆ ಓಡಿಸಿ, ಎತ್ತುಗಳನ್ನು ಮಳೆಗೆ ಬಿಟ್ಟು, ಅಲ್ಲೇ ಮಂತ್ರ ಹೇಳಿದೆ. ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನನಗೂ ಸಿಟ್ಟು ಬಂತು. ತಾತನನ್ನೇ ಕೇಳಿದೆ: "ಏನು ಯಜಮಾನರೇ, ನಿಮ್ಮ ಕಾಲು ಹೀಗೆ ಮಾಡಿತಲ್ಲ?"

ತಾತ ನಾಚಿಕೊಂಡ. "ಓದ್ವಾರ ಸರಗೂರು ಸಂತೇಗೆ ಓಗಿದ್ನಲ್ಲ ಸ್ವಾಮಿ, ಅಲ್ಲಿ ಡಾಕ್ಟ್ರು ಒಂದು ಸೂಜಿ ಮಾಡುದ್ರು. ಅವತ್ನಿಂದ ನೋವೇ ಇಲ್ಲ. ಸುಕವಾಗಿವ್ನಿ."

ಮಗ ತಲೆ ಚಚ್ಚಿಕೊಂಡ. "ಅಪ್ಪೋ, ಮೂವತ್ ವರ್ಸ ತಡಕಂಡಿದ್ದೆ, ಇನ್ನೊಂದ್ ವಾರ ತಡಕಳಕ್ಕೆ ಆಗ್ಲಿಲ್ವಾ ನಿಂಗೆ?"

ಇನ್ನು ನಾಲ್ಕು ಸಾಲು

ಜ್ಯೇಷ್ಠ ಬಂತು. ಉಳಿದದ್ದು ಒಂದೇ ಒಳ್ಳೆಯ ದಿನ. ಅದನ್ನು ನಮ್ಮ ಪಕ್ಕದ ಹಳ್ಳಿಯ ಹೊಗೆಸೊಪ್ಪಿನ ಸಾಹುಕಾರರು ತಮ್ಮ ಮಗನ ಮದುವೆಗೆ ಫಾಲ್ಗುಣದಲ್ಲೇ ಹಿಡಿದಿದ್ದರು. ನಾನಾಗಿ ಕೊಟ್ಟ ಮಾತು, ಬಿಡಿಸಿಕೊಳ್ಳುವಂತಿರಲಿಲ್ಲ. ಕೊಡುವಾಗ ನಾನು ಎಚ್ಚರಿಸಿದ್ದೆ, ಅದು ಸಸಿ ನೆಡುವ ಕಾಲವಲ್ಲವೇ ಎಂದು. "ಅವತ್ತಿಗೆ ಆರಿದ್ರಾ ಮಳೆ ಇನ್ನೂ ಎಂಟು ದಿನ ತಡ ಸ್ವಾಮಿ," ಎಂದು ಅವರು ನನಗೇ ನಕ್ಷತ್ರ ಹೇಳಿಕೊಟ್ಟಿದ್ದರು.

ಮದುವೆಯ ಹಿಂದಿನ ಸಂಜೆ ಮಳೆ ಹದವಾಗಿ ಹೊಡೆಯಿತು. ಬೆಳಿಗ್ಗೆ ನಾನು ಹೋಗಿ ನೋಡಿದರೆ ಮದುವೆಮನೆಯಲ್ಲಿ ಓಲಗದವರು ಇಬ್ಬರು, ಒಂದು ನಾಯಿ. ಮನೆಯವರೆಲ್ಲ ಹೊಲದಲ್ಲಿದ್ದರು. ಬಾಸಿಂಗ ಕಟ್ಟಿಸಿಕೊಳ್ಳಬೇಕಾದ ಗಂಡು ಕೆಸರು ಮೆತ್ತಿದ ಕಾಲಿನಲ್ಲಿ ಬಗ್ಗಿ ಸಸಿ ನೆಡುತ್ತಿದ್ದ. ಕೈಯಲ್ಲಿ ಕಂಕಣ, ಕೆನ್ನೆಯಲ್ಲಿ ಅರಿಶಿನ.

"ಇದೇನು ಸಾಹುಕಾರರೇ, ಮುಹೂರ್ತ ಹತ್ತಿರ ಬಂತು!"

"ಮದ್ವೆ ವಸಿ ಮುಂದಕ್ಕಾಕ್ಬೋದು ಸ್ವಾಮಿ, ಹದ ಮುಂದಕ್ಕಾಕಕ್ಕೆ ಆಯ್ತದಾ? ಮೂರ್ತ ಎಷ್ಟೊತ್ತಿನ ಗಂಟ ಐತೆ?"

"ಹನ್ನೊಂದೂವರೆವರೆಗೆ."

ಅವರು ಸೂರ್ಯನನ್ನು ನೋಡಿದರು, ಹೊಲವನ್ನು ನೋಡಿದರು. "ಅಂಗಾರೆ ಇನ್ನ ನಾಕ್ ಸಾಲು ಆಯ್ತದೆ."

ಅಷ್ಟರಲ್ಲಿ ಹೆಣ್ಣಿನ ಕಡೆಯ ಗಾಡಿಗಳು ಬಂದು ಹೊಲದ ಪಕ್ಕ ನಿಂತವು. ಎದುರುಗೊಳ್ಳಲು ಯಾರೂ ಇಲ್ಲ, ಆರತಿ ಇಲ್ಲ, ಕಾಲಿಗೆ ನೀರಿಲ್ಲ. ಹೆಣ್ಣಿನ ತಂದೆಯ ಮುಖ ಕೆಂಪಾಯಿತು. ಸಂಬಂಧ ಇಲ್ಲಿಗೆ ಮುರಿಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ಆತ ಗಾಡಿಯಿಂದ ಧುಮುಕಿ, ದಾಪುಗಾಲು ಹಾಕಿಕೊಂಡು ಬಂದು, ಅಳಿಯನ ಎದುರು ನಿಂತು ಗದರಿದರು: "ಇಷ್ಟು ಒತ್ತಾಗಿ ನೆಟ್ರೆ ಎಲೆ ಅಗಲ ಬತ್ತದೇನಯ್ಯ? ಕೊಡಿಲ್ಲಿ!"

ಅಷ್ಟು ಹೇಳಿ ಅವರೂ ಪಂಚೆ ಎತ್ತಿ ಕಟ್ಟಿದರು. ಹಿಂದೆಯೇ ಅವರ ತಮ್ಮಂದಿರು ಇಳಿದರು, ಹೆಂಗಸರು ಇಳಿದರು. ಹನ್ನೊಂದೂಕಾಲಿಗೆ ಹೊಲ ಮುಗಿಯಿತು, ಹನ್ನೊಂದೂವರೆಗೆ ಧಾರೆಯೂ ಮುಗಿಯಿತು. ನನ್ನ ಕೈಗೂ ಒಂದು ಹಿಡಿ ಸಸಿ ಕೊಟ್ಟಿದ್ದರು ಎಂಬುದನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ನಮ್ಮ ಮನೆಯ ಧಾರೆ

ಕೆಸರು ಕಾಲಿನಲ್ಲಿ ಮನೆಗೆ ಬಂದ ನನ್ನನ್ನು ನನ್ನ ಹೆಂಡತಿ ಹೊಸಿಲಲ್ಲೇ ತಡೆದಳು.

"ಊರವರ ಮಕ್ಕಳಿಗೆಲ್ಲ ದಿನ ಹಂಚಿದಿರಿ. ನಿಮ್ಮ ಮಗಳಿಗೆ ಏನು ಉಳಿಸಿದ್ದೀರಿ, ಅಮಾವಾಸ್ಯೆಯಾ?"

ಮಗಳು ಬಾಗಿಲ ಹಿಂದೆ ನಿಂತಿದ್ದಳು. ಕಾಲಿಗೆ ನೀರು ತಂದಿಟ್ಟು, ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಹೆಂಡತಿಯ ಮಾತಿಗಿಂತ ಅದೇ ನನಗೆ ಹೆಚ್ಚು ಚುಚ್ಚಿತು. ಆಷಾಢಕ್ಕೆ ಹದಿನೈದು ದಿನವೂ ಇರಲಿಲ್ಲ.

ಮಾರನೆಯ ದಿನವೇ ಬೀಗರನ್ನು ಹುಣಸೂರು ಬಸ್‌ಸ್ಟ್ಯಾಂಡಿಗೆ ಬರಹೇಳಿದೆ. ಹೋಟೆಲಿನ ಬೆಂಚಿನ ಮೇಲೆ ಎದುರು ಬದುರು ಕೂತು, ಎರಡು ಪಂಚಾಂಗ ಬಿಚ್ಚಿದೆವು. ಆಗ ನಮ್ಮ ಬುದ್ಧಿವಂತಿಕೆ ನಮಗೇ ತಿಳಿಯಿತು. ಮುಹೂರ್ತ ಇರುವ ದಿನವೆಲ್ಲ ನಾವಿಬ್ಬರೂ ಬೇರೆಯವರ ಮನೆಯಲ್ಲಿರುತ್ತೇವೆ. ನಾವಿಬ್ಬರೂ ನಮ್ಮ ಮನೆಯಲ್ಲಿರಬೇಕಾದರೆ ಅವತ್ತು ಮುಹೂರ್ತವೇ ಇರಬಾರದು. ಹೀಗೆಂದು ಹೆಣ್ಣು ನೋಡುವಾಗಲೇ ಹೊಳೆಯಲಿಲ್ಲವಲ್ಲ!

ಬೀಗರು ಮೆಲ್ಲಗೆ ಒಂದು ಸೋಮವಾರದ ಮೇಲೆ ಬೆರಳಿಟ್ಟರು. ತಿಥಿ ಸರಿಯಿಲ್ಲ, ನಕ್ಷತ್ರ ಸರಿಯಿಲ್ಲ. ಪಂಚಾಂಗ ಬರೆದವರು ಆ ದಿನದ ಎದುರು ಒಂದು ಒಳ್ಳೆಯ ಮಾತನ್ನೂ ಬರೆದಿರಲಿಲ್ಲ.

"ಸಾಯಂಕಾಲ ಗೋಧೂಳಿ ಲಗ್ನ ಇಟ್ಟುಕೊಂಡರೆ?" ಎಂದರು ಬೀಗರು. ದನಗಳು ಧೂಳೆಬ್ಬಿಸಿಕೊಂಡು ಮನೆಗೆ ಬರುವ ಹೊತ್ತು ಅದು. ಆ ಹೊತ್ತಿಗೆ ಯಾವ ದೋಷವೂ ತಟ್ಟುವುದಿಲ್ಲವೆಂದು ಶಾಸ್ತ್ರ. ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಶಾಸ್ತ್ರ.

"ನಿಮ್ಮ ತಾಯಿಯವರಿಗೆ ಏನು ಹೇಳುತ್ತೀರಿ?" ಎಂದೆ.

"ಇಂಥ ಮುಹೂರ್ತ ಬಲು ಅಪರೂಪ ಅಂತ ಹೇಳುತ್ತೇನೆ," ಎಂದರು.

ಆ ಸೋಮವಾರದಂಥ ಅನುಕೂಲದ ದಿನವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಬೇರೆಲ್ಲೂ ಮದುವೆಯಿಲ್ಲ. ಅಡುಗೆಯವರು ಕರೆಯುವ ಮೊದಲೇ ಬಂದರು. ಓಲಗ ಎರಡು ಮೇಳ ಬಂತು. ಪಾತ್ರೆ, ಗಾಡಿ, ಜಮಖಾನ, ಕೇಳಿದ್ದೆಲ್ಲ ಸಿಕ್ಕಿತು. ನಾಲ್ಕು ತಾಲ್ಲೂಕಿನ ಪುರೋಹಿತರು ಇಪ್ಪತ್ತು ಮಂದಿ ಬಿಡುವಾಗಿದ್ದು ಬಂದು ಕೂತರು. ಎಲ್ಲರ ಸೊಂಟದಲ್ಲೂ ಪಂಚಾಂಗವಿತ್ತು, ಒಬ್ಬರೂ ಬಿಚ್ಚಲಿಲ್ಲ.

ಸಂಜೆಯಾಯಿತು. ಅಂತರಪಟ ಹಿಡಿದರು. ಬೀದಿಯ ಕೊನೆಯಲ್ಲಿ ದನದ ಗಂಟೆ ಕೇಳಿಸಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಪಕ್ಕದ ಊರಿನ ಪಟೇಲರು ಎದ್ದು ನಿಂತರು. ತಿಂಗಳ ಹಿಂದೆ ಅವರು ತಮ್ಮ ಮಗನಿಗೆ ಇದೇ ಸೋಮವಾರ ಕೇಳಿದ್ದರು. ನನಗೆ ಬೇಸಿಗೆಯಲ್ಲಿ ಓಡಾಡಿ ಸಾಕಾಗಿತ್ತು. "ಆ ದಿನ ತಾಳಿ ಕಟ್ಟುವುದು ಹಾಗಿರಲಿ, ಹಗ್ಗ ಕೂಡ ಕಟ್ಟಬಾರದು," ಎಂದು ಅಟ್ಟಿಬಿಟ್ಟಿದ್ದೆ.

"ಜೋಯ್ಸ್ರೇ, ಇವತ್ತು ದಿನವೇ ಸರಿಯಿಲ್ಲ ಅಂದಿದ್ರಿ?"

ಓಲಗ ನಿಂತಿತು. ಒಳಬಾಗಿಲ ಬಳಿ ಕೂತಿದ್ದ ಹುಡುಗನ ಅಜ್ಜಿ ಕತ್ತು ಮುಂದಕ್ಕೆ ಚಾಚಿದರು. ಅವರ ಪಕ್ಕದಲ್ಲೇ ಆ ಮೊಮ್ಮಗಳೂ ಕೂತಿದ್ದಳು.

"ದಿನ ಸರಿಯಿಲ್ಲ, ಆದರೆ ಹೊತ್ತು ಸರಿಯಿದೆ ಪಟೇಲರೇ," ಎಂದೆ. "ಇದು ಗೋಧೂಳಿ. ದನ ಮನೆಗೆ ಬರುವ ಹೊತ್ತು. ಈ ಹೊತ್ತಿಗೆ ಯಾವ ದೋಷವೂ ಇಲ್ಲ."

ಪಟೇಲರು ಸ್ವಲ್ಪ ಯೋಚಿಸಿದರು. ಆಮೇಲೆ ಇಡೀ ಚಪ್ಪರಕ್ಕೆ ಕೇಳುವಂತೆ ಹೇಳಿದರು: "ನಮ್ಮೂರಲ್ಲೂ ದನ ದಿನಾ ಮನೇಗೆ ಬತ್ತವಲ್ಲ ಸ್ವಾಮಿ!"

ಇಪ್ಪತ್ತು ಪುರೋಹಿತರಿಗೂ ಒಟ್ಟಿಗೆ ಕೆಮ್ಮು ಬಂತು. ಬೀಗರು ಅಂತರಪಟದ ಅಂಚಿನಲ್ಲಿ ಮುಖ ಒರೆಸಿಕೊಂಡರು. ಮದುವೆ ಮುರಿಯಿತು, ನನ್ನ ಸೋಮಾರಿತನಕ್ಕೆ ಮಗಳ ಬಾಳು ಹೋಯಿತು ಅಂದುಕೊಂಡೆ.

ಅಜ್ಜಿ ಕೋಲೂರಿಕೊಂಡು ಎದ್ದರು.

"ದನ ದಿನಾ ಮನೆಗೆ ಬರತ್ತೆ ಕಣಪ್ಪಾ, ನನಗೂ ಗೊತ್ತು. ನನ್ನ ಗಂಡ ಪುರೋಹಿತ, ಮಗ ಪುರೋಹಿತ. ಐವತ್ತು ವರ್ಷದಿಂದ ಒಂದು ಒಳ್ಳೇ ದಿನ ಇವರು ಮನೇಲಿದ್ದಿದ್ದು ನಾನು ನೋಡಿಲ್ಲ. ಇವತ್ತು ಇಬ್ಬಿಬ್ಬರು ಮನೇಲಿ ಸಿಕ್ಕಿದಾರೆ. ಇದಕ್ಕಿಂತ ಮುಹೂರ್ತ ಇನ್ನೇನು ಬೇಕು? ಯಾರಾದರೂ ಬಂದು ಇವರನ್ನ ಕರೆದುಕೊಂಡು ಹೋಗೋದರೊಳಗೆ ಕಟ್ಟಿಸ್ರೋ ತಾಳಿ!"